ಮಹಡಿ ಮನೆಯವರ ದುಡ್ಡು

ಅಪ್ಪ ತೀರಿಕೊಂಡು ತಿಂಗಳಾದ ಮೇಲೆ ಬೀರುವಿನ ಲಾಕರ್ ತೆಗೆದೆವು. ಅಮ್ಮ, ತಂಗಿ, ನಾನು ನಡುಮನೆಯಲ್ಲಿ ಚಾಪೆ ಹಾಕಿಕೊಂಡು ಕೂತಿದ್ದೆವು. ಪಾಸ್‌ಬುಕ್ಕುಗಳು, ಎಲ್‌ಐಸಿ ಪಾಲಿಸಿ, ರಬ್ಬರ್ ಬ್ಯಾಂಡ್ ಹಾಕಿದ ಮನೆ ಕಂದಾಯದ ರಸೀದಿಗಳು, ಮೂರು ಎಫ್‌ಡಿ ಪತ್ರಗಳು. ತಂಗಿ ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದು ಕೂಡುತ್ತಿದ್ದಳು. ಮೂರನೆಯ ಎಫ್‌ಡಿ 60,000 ರೂಪಾಯಿಯದು. ಅದನ್ನೂ ಸೇರಿಸಿ ಮೊತ್ತ ಹಾಕಿ ಆಗಿತ್ತು. ಪತ್ರಗಳನ್ನು ಮತ್ತೆ ಜೋಡಿಸುವಾಗ ಅಮ್ಮ ಆ ಮೂರನೆಯದನ್ನು ತಿರುಗಿಸಿ ನೋಡಿದರು. ಹಿಂದೆ ಪೆನ್ಸಿಲ್‌ನಲ್ಲಿ, ಅಪ್ಪನ ಓರೆ ಅಕ್ಷರದಲ್ಲಿ ಹೀಗಿತ್ತು: "ಇದು ಮಹಡಿ ಮನೆಯವರ ದುಡ್ಡು. ಮುಟ್ಟಬಾರದು."

ತಂಗಿ ಏನೂ ಹೇಳಲಿಲ್ಲ. ಆ ಸಾಲನ್ನು ಹೊಡೆದುಹಾಕಿ ಮತ್ತೆ ಕೂಡಿದಳು.

ನಾನು ಮಾತ್ರ ಆ ಪತ್ರವನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದೆ. ಅದು ಮೇಲಿನ ಬಾಡಿಗೆಯವರು ಕೊಟ್ಟ ಅಡ್ವಾನ್ಸ್, ಅಪ್ಪ ಬೇರೆಯಾಗಿ ಇಟ್ಟಿದ್ದರು. ಆ ಹೊತ್ತಿಗೆ ನಾನು ಬೆಂಗಳೂರಿನಲ್ಲಿ ನನ್ನ ಅಡ್ವಾನ್ಸ್ ವಾಪಸ್ ಪಡೆಯೋಕೆ ಮೂರು ತಿಂಗಳಿಂದ ಅಲೆಯುತ್ತಿದ್ದೆ.

ವಿಜಯನಗರದ ಹತ್ತಿರ ಒಂದು ಡಬಲ್ ಬೆಡ್‌ರೂಮ್ ಮನೆ. ಬಾಡಿಗೆ 12,000. ಬೆಂಗಳೂರಿನ ರೂಢಿಯಂತೆ ಹತ್ತು ತಿಂಗಳ ಅಡ್ವಾನ್ಸ್, ಅಂದರೆ 1,20,000. ಮದುವೆಯಾದ ಹೊಸದು. ನನ್ನ ಹತ್ತಿರ ಅಷ್ಟು ಇರಲಿಲ್ಲ. ಅರ್ಧ ಆಫೀಸಿನಲ್ಲಿ ಸಾಲ ತೆಗೆದೆ, ಉಳಿದದ್ದಕ್ಕೆ ಹೆಂಡತಿಯ ಎರಡು ಬಳೆ ಅಡವಿಟ್ಟೆವು. ಮೂರು ವರ್ಷ ಇದ್ದೆವು. ಒಂದು ತಿಂಗಳೂ ಬಾಡಿಗೆ ತಡ ಮಾಡಲಿಲ್ಲ. ಬಿಡುತ್ತೇವೆ ಅಂತ ಎರಡು ತಿಂಗಳು ಮೊದಲೇ ಹೇಳಿದೆವು. ಬಿಡುವ ದಿನ ಓನರ್ ಅಂಕಲ್ ಕೀ ತೆಗೆದುಕೊಂಡು, "ಹೊಸಬರು ಬರಲಿ, ಅವರ ಅಡ್ವಾನ್ಸ್ ಬಂದ ತಕ್ಷಣ ನಿಮಗೆ ಕೊಟ್ಟುಬಿಡ್ತೀನಿ" ಅಂದರು. ನಮ್ಮ ದುಡ್ಡು ಮೇಲೆ ಇನ್ನೊಂದು ಅಂತಸ್ತು ಕಟ್ಟೋಕೆ ಹೋಗಿತ್ತು. ಕಾಣುತ್ತಲೇ ಇತ್ತು, ಕಂಬಿಗಳು ಆಕಾಶಕ್ಕೆ ನಿಂತಿದ್ದವು.

ನಾವು ಬಿಟ್ಟದ್ದು ಆಷಾಢದ ಮುಂಚೆ. ಆಷಾಢದಲ್ಲಿ ಯಾರು ಮನೆ ಬದಲಾಯಿಸ್ತಾರೆ? ಟು-ಲೆಟ್ ಬೋರ್ಡ್ ಗೇಟಿನಲ್ಲಿ ಹಾಗೇ ತೂಗಾಡುತ್ತಿತ್ತು. ಶ್ರಾವಣ ಬಂತು, ಗಣೇಶನ ಹಬ್ಬ ಬಂತು. ಕೊನೆಗೆ ಲೆಕ್ಕಕ್ಕೆ ಕೂತಾಗ ಅವರ ಮಗ ಅಗ್ರಿಮೆಂಟ್ ತೆಗೆದು ಓದತೊಡಗಿದ. "ಐದು ಫ್ಯಾನ್, ಒಂದು ಗೀಸರ್, ಆರು ಟ್ಯೂಬ್‌ಲೈಟ್." ಆ ಮನೆಯಲ್ಲಿ ನಾವು ಹೋದ ದಿನದಿಂದ ಮೂರೇ ಫ್ಯಾನ್ ಇದ್ದದ್ದು. ಗೀಸರ್ ಇರಲೇ ಇಲ್ಲ, ಸೋಲಾರ್ ಇತ್ತು. ಆದರೆ ಅಗ್ರಿಮೆಂಟಿನಲ್ಲಿ ಹಾಗೆ ಬರೆದಿತ್ತು, ಕೆಳಗೆ ನನ್ನ ಸಹಿ ಇತ್ತು. ಹಿಂದಿನ ಬಾಡಿಗೆದಾರರ ಅಗ್ರಿಮೆಂಟನ್ನೇ ಸೈಬರ್ ಸೆಂಟರಿನಲ್ಲಿ ಹೆಸರು ಬದಲಿಸಿ ಪ್ರಿಂಟ್ ತೆಗೆದಿದ್ದರು. ನಾನು ಓದಿರಲಿಲ್ಲ. ಹೆಸರು ಸರಿ ಇದೆಯಾ, ಬಾಡಿಗೆ ಸರಿ ಇದೆಯಾ ಅಂತ ನೋಡಿ ಸಹಿ ಹಾಕಿದ್ದೆ.

ಅವರು ಕೆಟ್ಟವರೇನಲ್ಲ ಅಂತ ಈಗಲೂ ನಂಬಿದ್ದೇನೆ. ಆ ಹುಡುಗ ನಿಜವಾಗಿಯೂ ಗೀಸರ್ ಇತ್ತು ಅಂದುಕೊಂಡಿದ್ದ. ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ, ಗೀಸರಿಗೆ ಇಷ್ಟು, ಫ್ಯಾನಿಗೆ ಇಷ್ಟು ಅಂತ ಕಳೆದು, ಮೂರು ಕಂತಿನಲ್ಲಿ 97,000 ಕೊಟ್ಟರು. ಬಳೆ ಬಿಡಿಸಿಕೊಂಡದ್ದು ದೀಪಾವಳಿ ಆದ ಮೇಲೆ.

ಇದಾಗಿ ಹನ್ನೊಂದು ವರ್ಷ. ಅವತ್ತಿನಿಂದ ನಾನು ಎರಡೂ ಕಡೆ ಇದ್ದೇನೆ. ಬೆಂಗಳೂರಿನಲ್ಲಿ ಬಾಡಿಗೆದಾರ. ಮೈಸೂರಿನ ಕುವೆಂಪುನಗರದಲ್ಲಿ ಅಪ್ಪ ಕಟ್ಟಿಸಿದ ಮನೆಗೆ ಓನರ್. ಕೆಳಗೆ ಅಮ್ಮ ಇದ್ದಾರೆ, ಮೇಲೆ ಬಾಡಿಗೆಯವರು. ತಿಂಗಳ ಮೊದಲ ವಾರ ನನ್ನ ಖಾತೆಗೆ ಒಂದು ಬಾಡಿಗೆ ಬರುತ್ತದೆ, ಒಂದು ಬಾಡಿಗೆ ಹೋಗುತ್ತದೆ. ಎರಡೂ ಕಡೆ ನಿಂತು ನೋಡಿದಾಗ ನನಗೆ ತಿಳಿದದ್ದು ಇಷ್ಟು. ಮನಸ್ತಾಪ ಆಗೋದು ಮನೆ ಬಿಡುವ ದಿನ. ಆದರೆ ಅದರ ಬೀಜ ಬಿದ್ದಿರೋದು ಮನೆಗೆ ಸೇರಿದ ದಿನ. ಆದ್ದರಿಂದ ಬಿಡುವ ದಿನದ ಲೆಕ್ಕವನ್ನು ಸೇರುವ ದಿನವೇ ಮಾಡಿಟ್ಟುಕೊಳ್ಳಬೇಕು. ಇಬ್ಬರೂ ನಗುನಗುತ್ತಾ ಇರುವಾಗ, ಹಾಲು ಉಕ್ಕಿಸಿ ಪಾಯಸ ಹಂಚುವಾಗ.

ಮೊದಲು ಕಾನೂನಿನ ಮಾತು. ತುಂಬಾ ಜನ ಬಾಡಿಗೆ ಮನೆಗೆ ಏನೋ ದೊಡ್ಡ ಕಾನೂನು ಇದೆ, ಅದು ನಮ್ಮನ್ನು ಕಾಪಾಡುತ್ತೆ ಅಂದುಕೊಂಡಿರುತ್ತಾರೆ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಅಂತ ಒಂದಿದೆ ನಿಜ. ಆದರೆ ತಿಂಗಳ ಬಾಡಿಗೆ ದೊಡ್ಡ ಊರುಗಳಲ್ಲಿ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ದಾಟಿದರೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಈಗ ಆ ಬಾಡಿಗೆಗೆ ಯಾವ ಮನೆ ಸಿಗುತ್ತೆ ಹೇಳಿ? ಅಂದರೆ ನಮ್ಮಲ್ಲಿ ಹೆಚ್ಚಿನವರ ಮನೆಗೆ ಇರೋದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನಾವು ಬರೆದುಕೊಂಡ ಅಗ್ರಿಮೆಂಟ್, ಅಷ್ಟೇ. ಅಗ್ರಿಮೆಂಟಿನಲ್ಲಿ ಬೇರೆ ಏನೂ ಹೇಳಿಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆ ಬಿಡಿಸಲು ಆ ಹಳೆಯ ಕಾಯ್ದೆಯ ಪ್ರಕಾರ 15 ದಿನದ ನೋಟಿಸ್ ಸಾಕು. ಸಂಸಾರ ಹೂಡಿದವರಿಗೆ 15 ದಿನದಲ್ಲಿ ಇನ್ನೊಂದು ಮನೆ ಹುಡುಕೋದು ಎಷ್ಟು ಕಷ್ಟ ಅಂತ ಗೊತ್ತಲ್ಲ. ಹಾಗಾಗಿ ಎರಡು ತಿಂಗಳು ಅಂತಲೋ ಮೂರು ತಿಂಗಳು ಅಂತಲೋ ಬರೆಸಿಕೊಳ್ಳಿ. ಇಬ್ಬರಿಗೂ ಒಂದೇ ಅವಧಿ ಇರಲಿ. ಓನರಿಗೆ ಒಂದು ತಿಂಗಳು, ಬಾಡಿಗೆದಾರರಿಗೆ ಮೂರು ತಿಂಗಳು ಅಂತ ಬರೆದ ಅಗ್ರಿಮೆಂಟ್ ನಾನು ನೋಡಿದ್ದೇನೆ. ಅದು ಸರಿಯಲ್ಲ.

ಅಡ್ವಾನ್ಸ್ ಎರಡು ತಿಂಗಳು ಮಾತ್ರ ತೆಗೆದುಕೊಳ್ಳಬೇಕು ಅಂತ ಕಾನೂನು ಬಂದಿದೆಯಂತೆ ಅಂತ ಕೆಲವರು ಕೇಳುತ್ತಾರೆ. 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಆ ಮಾತಿದೆ. ಅದು ಮಾದರಿ ಮಾತ್ರ. ರಾಜ್ಯ ತನ್ನ ಕಾನೂನಿನಲ್ಲಿ ಅದನ್ನು ತಂದರೆ ಮಾತ್ರ ನಡೆಯುತ್ತದೆ. ಅದನ್ನು ನಂಬಿಕೊಂಡು ಬೆಂಗಳೂರಿನ ಓನರ್ ಹತ್ತಿರ ವಾದ ಮಾಡಿದರೆ ಮನೆ ಇನ್ನೊಬ್ಬರ ಪಾಲಾಗುತ್ತದೆ. ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. ಕೇಳಬೇಕು. ಕೇಳೋದರಲ್ಲಿ ನಾಚಿಕೆ ಏನಿಲ್ಲ.

ಇನ್ನು ಅಗ್ರಿಮೆಂಟನ್ನು 11 ತಿಂಗಳಿಗೇ ಬರೆಯುವ ಲೆಕ್ಕ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ಅದನ್ನು ತಪ್ಪಿಸಿಕೊಳ್ಳೋಕೆ 11 ತಿಂಗಳು, ಅಷ್ಟೇ. ಅದರಲ್ಲಿ ಬೇರೆ ಗುಟ್ಟಿಲ್ಲ. ಮೂರು ವರ್ಷಕ್ಕೆ ಅಂತ ಬರೆದು ನೋಂದಣಿ ಮಾಡಿಸದೆ ಇಟ್ಟುಕೊಂಡರೆ, ನಾಳೆ ಜಗಳ ಬಂದಾಗ ಅದರ ಷರತ್ತುಗಳನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ನಿಲ್ಲಿಸೋದು ಕಷ್ಟ. ಇನ್ನೊಂದು ಭಯ ಓನರುಗಳಿಗೆ ಇದೆ. ಹನ್ನೆರಡು ವರ್ಷ ಇದ್ದರೆ ಬಾಡಿಗೆದಾರರಿಗೇ ಮನೆ ಆಗಿಬಿಡುತ್ತೆ ಅಂತ. ನಮ್ಮ ಬೀದಿಯಲ್ಲೇ ಒಬ್ಬರು ಈ ಭಯಕ್ಕೆ ಒಳ್ಳೆಯ ಸಂಸಾರವನ್ನು ಬಿಡಿಸಿದರು. ಬಾಡಿಗೆ ಕೊಟ್ಟುಕೊಂಡು, ನಿಮ್ಮನ್ನು ಮಾಲೀಕರು ಅಂತ ಒಪ್ಪಿಕೊಂಡು ಇರುವವರಿಗೆ ಬರೀ ವರ್ಷ ಕಳೆದ ಮಾತ್ರಕ್ಕೆ ಮನೆ ಆಗುವುದಿಲ್ಲ. ಬಾಡಿಗೆ ಬ್ಯಾಂಕಿನ ಮೂಲಕ ಬರಲಿ, ಕರಾರು ಹೊಸದಾಗುತ್ತಿರಲಿ. ನೆಮ್ಮದಿಯಾಗಿ ಇರಬಹುದು.

ಸೇರುವ ದಿನದ ಕೆಲಸ ಹೇಳುತ್ತೇನೆ. ಇದನ್ನು ನಾನು ಅಪ್ಪನ ನೋಟ್‌ಬುಕ್ ನೋಡಿ ಕಲಿತೆ. ಇನ್ನೂರು ಪುಟದ ಗೆರೆ ಪುಸ್ತಕ. ಪ್ರತಿ ಬಾಡಿಗೆಯವರಿಗೆ ಎರಡು ಪುಟ. ಎಡಗಡೆ ಪುಟದಲ್ಲಿ ಬಂದ ದಿನದ್ದು, ಬಲಗಡೆ ಪುಟ ಖಾಲಿ, ಬಿಡುವ ದಿನಕ್ಕೆ. ಮೀಟರ್ ರೀಡಿಂಗ್. ಕೀಗಳು ಎಷ್ಟು: ಮುಂಬಾಗಿಲು 2, ಹಿತ್ತಿಲ ಬಾಗಿಲು 1, ಟೆರೇಸ್ 1, ಮೀಟರ್ ಬೋರ್ಡ್ 1. ಅಡುಗೆಮನೆ ಸಿಂಕ್ ಬಲಗಡೆ ಮೂಲೆ ಚಕ್ಕೆ ಎದ್ದಿದೆ. ರೂಮಿನ ಕಿಟಕಿಯ ಒಂದು ಗಾಜು ಸೀಳಿದೆ. ಬಚ್ಚಲಿನ ಬಾಗಿಲು ಮಳೆಗಾಲದಲ್ಲಿ ಉಬ್ಬುತ್ತದೆ. ಇಂಥ ಸಣ್ಣ ಸಣ್ಣ ಸಾಲುಗಳು. ಕೆಳಗೆ ಅಪ್ಪನ ಸಹಿ, ಬಂದವರ ಸಹಿ. ತಮ್ಮ ಮನೆಯ ಹುಳುಕನ್ನು ತಾವೇ ಬರೆದುಕೊಟ್ಟಿದ್ದಾರೆ! ಗಾಜು ಸೀಳಿದ್ದು ಅವರ ತಲೆಗೆ ಬರಬಾರದು ಅಂತ.

ನಾನು ಈಗ ಅದಕ್ಕೆ ಮೊಬೈಲ್ ವಿಡಿಯೋ ಸೇರಿಸಿದ್ದೇನೆ. ಮುಂಬಾಗಿಲಿನಿಂದ ಶುರು ಮಾಡಿ ಒಂದೊಂದು ಕೋಣೆ, ಒಂದೊಂದು ನಲ್ಲಿ ತಿರುಗಿಸಿ, ಒಂದೊಂದು ಸ್ವಿಚ್ ಹಾಕಿ ತೋರಿಸುತ್ತಾ ಹೋಗೋದು. ಹತ್ತು ನಿಮಿಷ ಸಾಕು. ಅದನ್ನು ವಾಟ್ಸಾಪಿನಲ್ಲಿ ಅವರಿಗೆ ಕಳಿಸುತ್ತೇನೆ. ಬೆಂಗಳೂರಿನಲ್ಲಿ ನಾನು ಬಾಡಿಗೆಗೆ ಹೋಗುವಾಗಲೂ ಇದೇ ಕೆಲಸ, ಓನರಿಗೆ ಕಳಿಸಿ "ನೋಡಿಕೊಳ್ಳಿ ಸಾರ್" ಅನ್ನುತ್ತೇನೆ. ಇಬ್ಬರು ಓನರುಗಳಿಗೆ ಮೊದಲು ಬೇಜಾರಾಯಿತು, ನಂಬಿಕೆ ಇಲ್ವಾ ಅಂತ. ನಂಬಿಕೆ ಇದೆ. ಮೂರು ವರ್ಷದ ಮೇಲೆ ಇಬ್ಬರ ನೆನಪೂ ಒಂದೇ ಥರ ಇರಲ್ಲ, ಅದಕ್ಕೇ ಇದು.

ಕರೆಂಟಿನದು ಸ್ವಲ್ಪ ಬಿಡಿಸಿ ಹೇಳಬೇಕು. ಮೀಟರ್ ಓನರ್ ಹೆಸರಿನಲ್ಲಿರುತ್ತದೆ, ಬಾಕಿ ಉಳಿದರೆ ಆ ಆರ್‌ಆರ್ ನಂಬರಿನ (ಬಿಲ್ಲಿನಲ್ಲಿರುವ ಕನೆಕ್ಷನ್ ನಂಬರ್) ಮೇಲೇ ಉಳಿಯುತ್ತದೆ. ಬಿಡುವವರ ಕೊನೆಯ ಬಿಲ್ ಬರೋದು ಅವರು ಹೋದ ಮೇಲೆ. ಅದಕ್ಕೇ ರೀಡಿಂಗ್ ಬೇಕು. 2023ರಲ್ಲಿ ಗೃಹಜ್ಯೋತಿ, ಅಂದರೆ ಸರ್ಕಾರದ ಉಚಿತ ಕರೆಂಟ್ ಯೋಜನೆ, ಬಂದ ಮೇಲೆ ಬಾಡಿಗೆಯಲ್ಲಿರುವವರೂ ತಮ್ಮ ಆಧಾರ್ ಅನ್ನು ಆ ಮನೆಯ ಆರ್‌ಆರ್ ನಂಬರಿಗೆ ಜೋಡಿಸಿ 200 ಯೂನಿಟ್ ಒಳಗಿನ ಅನುಕೂಲ ಪಡೆಯಬಹುದು. ಕೆಲವು ಓನರುಗಳು ಮೀಟರ್ ನಮ್ಮದು ಅಂತ ಅಡ್ಡಿ ಮಾಡುತ್ತಾರೆ. ಮಾಡಬಾರದು, ಅದು ಅಲ್ಲಿ ವಾಸ ಇರುವವರಿಗೆ ಸೇರಿದ್ದು. ಆದರೆ ಮನೆ ಬಿಡುವಾಗ ಆಧಾರ್ ಡಿ-ಲಿಂಕ್ ಮಾಡಿಸಿಕೊಂಡು ಹೋಗಬೇಕು. ಇಲ್ಲದಿದ್ದರೆ ಹೋದವರಿಗೂ ತೊಂದರೆ, ಬಂದವರಿಗೂ ತೊಂದರೆ. ಇನ್ನು ಕೆಲವು ಸಲ ಹೆಚ್ಚುವರಿ ಭದ್ರತಾ ಠೇವಣಿ ಕಟ್ಟಿ ಅಂತ ಬಿಲ್ ಜೊತೆ ನೋಟಿಸ್ ಬರುತ್ತದೆ. ಅದು ಕರೆಂಟ್ ಬಳಸಿದ ದುಡ್ಡಲ್ಲ, ಕನೆಕ್ಷನ್ ಮೇಲೆ ಇಲಾಖೆಯಲ್ಲಿ ಉಳಿಯುವ ಠೇವಣಿ. ಓನರ್ ಕಟ್ಟಬೇಕು. ನಾನು ಬಾಡಿಗೆದಾರನಾಗಿ ಎರಡು ಸಲ ಗೊತ್ತಿಲ್ಲದೆ ಕಟ್ಟಿದ್ದೇನೆ.

ರಿಪೇರಿ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಮ್ಮಿಂದ ಆದ ಒಂದು ತಪ್ಪನ್ನು ಹೇಳಲೇಬೇಕು.

ನಾಲ್ಕು ವರ್ಷದ ಹಿಂದೆ ಕೆಳಗಡೆ ದೇವರ ಮನೆಯ ಗೋಡೆ ಒದ್ದೆಯಾಗತೊಡಗಿತು. ಮೊದಲು ಅಂಗೈ ಅಗಲ, ಆಮೇಲೆ ತಟ್ಟೆ ಅಗಲ. ಸುಣ್ಣ ಹಪ್ಪಳದ ಹಾಗೆ ಎದ್ದು ಉದುರುತ್ತಿತ್ತು. ಅದರ ನೇರ ಮೇಲೆ ಮಹಡಿ ಮನೆಯ ಬಚ್ಚಲು. ಅಮ್ಮ ಮೇಲಿನ ಮನೆಯವರ ಮೇಲೆ ಬೇಜಾರು ಮಾಡಿಕೊಂಡರು. "ಎಷ್ಟು ನೀರು ಚೆಲ್ತೀರಮ್ಮ, ನಮ್ಮ ಗೋಡೆ ಹಾಳಾಯ್ತು" ಅಂತ ಮೆಟ್ಟಿಲ ಮೇಲೆ ನಿಂತು ಹೇಳಿಬಿಟ್ಟರು. ಮೇಲಿದ್ದ ಹೆಣ್ಣುಮಗಳು ನನಗೆ ಫೋನ್ ಮಾಡಿದರು. ದನಿ ನಡುಗುತ್ತಿತ್ತು. "ಅಣ್ಣ, ನಾವು ಬಕೆಟ್‌ನಲ್ಲೇ ಸ್ನಾನ ಮಾಡೋದು" ಅಂದರು.

ನಾನು ಮೈಸೂರಿಗೆ ಹೋಗಿ ಒಬ್ಬ ವಯಸ್ಸಾದ ಪ್ಲಂಬರನ್ನು ಕರೆಸಿದೆ. ಅವರು ಒಡೆಯೋ ಮಾತೇ ಆಡಲಿಲ್ಲ. ಬಚ್ಚಲಿನ ನೀರು ಹೋಗುವ ನಹನಿ ಟ್ರ್ಯಾಪಿಗೆ ಹಳೇ ಬಟ್ಟೆ ತುರುಕಿ, ಮೇಲೆ ಜೇಡಿಮಣ್ಣು ಮೆತ್ತಿ, ಎರಡು ಇಂಚು ನೀರು ನಿಲ್ಲಿಸಿದರು. ನೀರಿನ ಮಟ್ಟಕ್ಕೆ ಟೈಲ್ಸ್ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳೆದರು. ಬಾಗಿಲು ಹಾಕಿಕೊಂಡು ಹೋದರು. ಮಾರನೇ ದಿನ ಬಂದು ನೋಡಿದರೆ ನೀರು ಗೆರೆಗೆ ಹಾಗೇ ನಿಂತಿತ್ತು. "ನೆಲ ಚೆನ್ನಾಗಿದೆ ಸ್ವಾಮಿ" ಅಂದರು. ಆಮೇಲೆ ಬಟ್ಟೆ ಕಿತ್ತು ನೀರು ಬಿಟ್ಟರು. ನಾವೆಲ್ಲ ಕೆಳಗೆ ಬಂದು ಗೋಡೆ ಮುಂದೆ ನಿಂತೆವು. ಇಪ್ಪತ್ತು ನಿಮಿಷದಲ್ಲಿ ಆ ಒಣಗಿದ ಕಲೆ ಕಪ್ಪಾಗುತ್ತಾ ಬಂತು. ಅಂದರೆ ಸೋರುತ್ತಿದ್ದದ್ದು ಟ್ರ್ಯಾಪಿನ ಕೆಳಗಿನ ಪೈಪಿನ ಜಾಯಿಂಟು. ಅಪ್ಪನ ಕಾಲದ್ದು, ಗೋಡೆಯೊಳಗೆ ಹೂತದ್ದು. ಮೇಲಿನವರ ತಪ್ಪು ಎಳ್ಳಷ್ಟೂ ಇರಲಿಲ್ಲ.

ಅಮ್ಮ ಅವತ್ತು ಸಂಜೆ ಮೆಟ್ಟಿಲು ಹತ್ತಿ ಹೋಗಿ, ತಟ್ಟೆಯಲ್ಲಿ ಹೂವು, ಬಾಳೆಹಣ್ಣು ಇಟ್ಟುಕೊಟ್ಟು, "ತಪ್ಪಾಯ್ತಮ್ಮ, ಮನಸಲ್ಲಿಟ್ಕೋಬೇಡ" ಅಂದರು. ರಿಪೇರಿ ಮುಗಿಯೋವರೆಗೆ ನಾಲ್ಕು ದಿನ ಮೇಲಿನ ಮನೆಯವರು ಕೆಳಗಡೆ ಬಚ್ಚಲಿನಲ್ಲೇ ಸ್ನಾನ ಮಾಡಿದರು. ಖರ್ಚು 9,200 ರೂಪಾಯಿ, ಪೂರ್ತಿ ನಮ್ಮದು.

ಅವತ್ತಿನಿಂದ ನಮ್ಮ ಅಗ್ರಿಮೆಂಟಿನಲ್ಲಿ ಒಂದು ಸಾಲು ಹಾಕಿದ್ದೇವೆ. ಗೋಡೆಯೊಳಗೆ, ನೆಲದೊಳಗೆ, ಛಾವಣಿಯಲ್ಲಿ ಏನೇ ಆದರೂ ಓನರ್‌ದು. ದಿನಾ ಕೈಯಲ್ಲಿ ಮುಟ್ಟುವ ಸಾಮಾನು, ಅಂದರೆ ನಲ್ಲಿಯ ವಾಶರ್, ಬಲ್ಬು, ಚಿಲಕ, ಬಾಡಿಗೆದಾರರದ್ದು. ಮೋಟಾರ್ ಕೆಟ್ಟರೆ ಓನರ್. ಸಂಪು, ಓವರ್‌ಹೆಡ್ ಟ್ಯಾಂಕ್ ತೊಳೆಸೋದು ಆರು ತಿಂಗಳಿಗೊಮ್ಮೆ, ಓನರ್. ಹಳೆಯ 1882ರ ಕಾಯ್ದೆಯಲ್ಲೂ ಒಂದು ಒಳ್ಳೆಯ ಮಾತಿದೆ. ಓನರ್ ಮಾಡಿಸಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡಿಸದೆ ಹೋದರೆ, ಬಾಡಿಗೆದಾರರೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಮೊದಲು ಬರವಣಿಗೆಯಲ್ಲಿ ತಿಳಿಸಿರಬೇಕು. ವಾಟ್ಸಾಪ್ ಮೆಸೇಜ್ ಜೊತೆ ಫೋಟೋ, ಆಮೇಲೆ ಬಿಲ್ಲು. ಸುಮ್ನೆ ಮುರಿದುಕೊಂಡರೆ ಜಗಳ ಖಂಡಿತ.

ಅದೇ ಕಾಯ್ದೆ ಬಾಡಿಗೆದಾರರು ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು ಅನ್ನುತ್ತದೆ, ಆದರೆ ಸಹಜ ಸವೆತವನ್ನು ಬಿಟ್ಟು. ಬಣ್ಣದ ವಿಷಯದಲ್ಲಿ ಈ ಮಾತು ಎಲ್ಲರೂ ಮರೆಯುತ್ತಾರೆ. ಐದು ವರ್ಷ ಇದ್ದ ಮನೆಯ ಬಣ್ಣ ಮಾಸದೆ ಇರುತ್ತಾ? ಓನರೇ ಇದ್ದಿದ್ದರೂ ಮಾಸುತ್ತಿತ್ತು. ಎಷ್ಟು ವರ್ಷ ಇದ್ದರೂ ಒಂದು ತಿಂಗಳ ಬಾಡಿಗೆ ಕಳೆಯುವ ಬೆಂಗಳೂರಿನ ರೂಢಿ ನನಗೆ ಸರಿ ಕಾಣುವುದಿಲ್ಲ. ನಾವು ಹೀಗೆ ಬರೆದುಕೊಂಡಿದ್ದೇವೆ: ಎರಡು ವರ್ಷದೊಳಗೆ ಬಿಟ್ಟರೆ ಬಣ್ಣದ ಅರ್ಧ ಖರ್ಚು ಅವರದು, ಆಮೇಲೆ ಬಿಟ್ಟರೆ ಪೂರ್ತಿ ನಮ್ಮದು.

ಛಾವಣಿ ಇರುವವರಿಗೆ ಇನ್ನೊಂದು ಮಾತು. ಮೈಸೂರಿನ ಕಡೆ ಮೇ ತಿಂಗಳಲ್ಲೇ ದೊಡ್ಡ ಮಳೆ ಬೀಳುತ್ತದೆ, ಮತ್ತೆ ಅಕ್ಟೋಬರಿನಲ್ಲಿ ಬೀಳುತ್ತದೆ. ಯುಗಾದಿ ಮುಗಿದ ತಕ್ಷಣ ಟೆರೇಸ್ ಹತ್ತಿ ನೀರು ಇಳಿಯುವ ಪೈಪಿನ ಬಾಯಿ ನೋಡಿ. ಪಕ್ಕದ ಮನೆಯ ಹೊಂಗೆ ಎಲೆ, ಪಾರಿವಾಳದ ಗರಿ, ಕ್ರಿಕೆಟ್ ಚೆಂಡು ಎಲ್ಲ ಅಲ್ಲಿ ಸಿಗುತ್ತದೆ. ಕೈ ಹಾಕಿ ತೆಗೆದರೆ ಒಂದು ಪೈಸೆ ಖರ್ಚಿಲ್ಲ. ತೆಗೆಯದೆ ಬಿಟ್ಟರೆ ನೀರು ನಿಂತು ಗೋಡೆಗೆ ಇಳಿಯುತ್ತದೆ, ಆಮೇಲೆ ವಾಟರ್‌ಪ್ರೂಫಿಂಗ್ ಅಂತ ಸಾವಿರಾರು ರೂಪಾಯಿ.

ಮನೆ ಯಾರಿಗೆ ಕೊಡಬೇಕು? ಇದರ ಬಗ್ಗೆ ಬಿಚ್ಚಿ ಮಾತಾಡೋರು ಕಮ್ಮಿ. "ನೀವು ಯಾವ ಕಡೆಯವರು?" ಅಂತ ಶುರುವಾಗುವ ಪ್ರಶ್ನೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಎಲ್ಲರಿಗೂ ಗೊತ್ತು. ಊರು ಕೇಳ್ತಾರೆ, ಆಮೇಲೆ ಹೆಸರಿನ ಮುಂದೆ ಏನಿದೆ ಕೇಳ್ತಾರೆ, ಆಮೇಲೆ ಅಡುಗೆಮನೆಯಲ್ಲಿ ಏನು ಬೇಯುತ್ತೆ ಕೇಳ್ತಾರೆ. ನನ್ನ ಜೊತೆ ಕೆಲಸ ಮಾಡುವ ಗೆಳೆಯನೊಬ್ಬ ಎರಡು ತಿಂಗಳು ಮನೆ ಹುಡುಕಿದ. ಫೋನಿನಲ್ಲಿ ಖಾಲಿ ಇದ್ದ ಮನೆ, ಹೆಸರು ಹೇಳಿದ ಮೇಲೆ "ಈಗಷ್ಟೇ ಆಗೋಯ್ತು" ಆಗುತ್ತಿತ್ತು. ಅವನ ಹೆಂಡತಿ ಆಗ ಏಳು ತಿಂಗಳ ಬಸುರಿ. ಇದನ್ನು ನಾನು ಕೇಳಿಸಿಕೊಂಡು ಸುಮ್ಮನೆ ಕೂತಿರೋಕೆ ಆಗಲಿಲ್ಲ. ನಮ್ಮ ಮನೆಯ ವಿಷಯದಲ್ಲಿ ನಾನು ಕೇಳೋದು ಮೂರೇ. ಕೆಲಸ ಎಲ್ಲಿ, ಎಷ್ಟು ಜನ ಇರುತ್ತೀರಿ, ಹಿಂದಿನ ಓನರ್ ಜೊತೆ ಒಂದು ಸಲ ಮಾತಾಡಬಹುದಾ. ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳುತ್ತೇನೆ. ಹತ್ತು ವರ್ಷದಲ್ಲಿ ಮೂರು ಸಂಸಾರ ಬಂದು ಹೋಗಿವೆ. ಮೂರು ಸಂಸಾರವೂ ಮೂರು ಬೇರೆ ಬೇರೆ ಜನ. ಗ್ಯಾಸ್ ಮೇಲೆ ಏನು ಬೆಂದಿತು ಅನ್ನೋದರಿಂದ ನಮ್ಮ ಗೋಡೆಗೆ ಏನೂ ಆಗಿಲ್ಲ.

ಒಂದು ಕಷ್ಟವನ್ನೂ ಹೇಳಬೇಕು. ಕೊರೋನಾ ಸಮಯದಲ್ಲಿ ಮೇಲಿದ್ದವರಿಗೆ ಐದು ತಿಂಗಳು ಬಾಡಿಗೆ ಕೊಡೋಕೆ ಆಗಲಿಲ್ಲ. ಅವರಿಗೆ ಹೋಟೆಲಿನಲ್ಲಿ ಕೆಲಸ. ನಮ್ಮ ಬಂಧುಗಳಲ್ಲಿ ಒಬ್ಬರು ನೀರು ನಿಲ್ಲಿಸು, ತಾನಾಗೇ ಹೋಗ್ತಾರೆ ಅಂದರು. ನೀರು, ಕರೆಂಟು ಕಟ್ ಮಾಡಿ ಯಾರನ್ನೂ ಓಡಿಸುವ ಹಕ್ಕು ಓನರಿಗೆ ಇಲ್ಲ. ಬಿಡಿಸಬೇಕು ಅಂದರೆ ನೋಟಿಸ್ ಕೊಟ್ಟು ಕೋರ್ಟಿನ ದಾರಿಯಲ್ಲೇ ಹೋಗಬೇಕು. ನಮಗೆ ಅದೂ ಬೇಕಾಗಲಿಲ್ಲ. ಎರಡು ತಿಂಗಳದ್ದು ಬಿಟ್ಟೆವು, ಉಳಿದದ್ದನ್ನು ತಿಂಗಳಿಗೆ ಸಾವಿರದಂತೆ ಕೊಡಿ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಕೊಟ್ಟು ಮುಗಿಸಿದರು.

ಭೋಗ್ಯದ ಬಗ್ಗೆ ಎಚ್ಚರ ಹೇಳದೆ ಹೋದರೆ ನನಗೆ ಸಮಾಧಾನ ಇಲ್ಲ. ಬೆಂಗಳೂರಿನಲ್ಲಿ ಲೀಸ್ ಅಂತಲೂ ಅನ್ನುತ್ತಾರೆ. ಒಟ್ಟಿಗೆ ದೊಡ್ಡ ಮೊತ್ತ ಕೊಡೋದು, ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಪೂರ್ತಿ ವಾಪಸ್. ಕೇಳೋಕೆ ಚೆನ್ನಾಗಿದೆ. ನನ್ನ ಚಿಕ್ಕಮ್ಮನ ಮಗ ಊರಿನ ಜಮೀನು ಮಾರಿದ ದುಡ್ಡಿನಲ್ಲಿ 8 ಲಕ್ಷ ಕೊಟ್ಟು ಮೂರು ವರ್ಷಕ್ಕೆ ಮನೆ ಹಾಕಿಕೊಂಡ. ಹದಿನಾಲ್ಕನೇ ತಿಂಗಳು ಒಂದು ಬೆಳಿಗ್ಗೆ ಗೇಟಿಗೆ ಬ್ಯಾಂಕಿನ ನೋಟಿಸ್ ಅಂಟಿತ್ತು. ಓನರ್ ಆ ಮನೆಯ ಮೇಲೆ ಮೊದಲೇ ಸಾಲ ತೆಗೆದಿದ್ದರು, ಕಂತು ಕಟ್ಟಿರಲಿಲ್ಲ. ಸಾಲ ತೀರದಿದ್ದರೆ 2002ರ ಸರ್ಫೇಸಿ ಕಾಯ್ದೆಯಲ್ಲಿ ಬ್ಯಾಂಕು ಮನೆಯನ್ನು ವಶಕ್ಕೆ ತೆಗೆದುಕೊಂಡು ಹರಾಜು ಹಾಕಬಹುದು. ಆಮೇಲೆ ಭೋಗ್ಯದ ದುಡ್ಡಿಗೆ ಓನರ್ ಹಿಂದೆ ಓಡಬೇಕು, ಅವರ ಹತ್ತಿರ ಏನೂ ಉಳಿದಿರುವುದಿಲ್ಲ. ಅವನು ಇನ್ನೂ ಓಡುತ್ತಿದ್ದಾನೆ.

ಆದ್ದರಿಂದ ಭೋಗ್ಯಕ್ಕೆ ಹೋಗುವವರು ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನಿನಲ್ಲಿ ಋಣಭಾರ ಪತ್ರ, ಅಂದರೆ ಇಸಿ, ತೆಗೆಸಿ ನೋಡಿ. ಅದೊಂದೇ ಸಾಲದು. ಪತ್ರಗಳನ್ನು ಬ್ಯಾಂಕಿನಲ್ಲಿ ಇಟ್ಟು ತೆಗೆದ ಸಾಲ ಕೆಲವೊಮ್ಮೆ ಇಸಿಯಲ್ಲಿ ಕಾಣುವುದಿಲ್ಲ. ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡಬೇಕು ಅಂತ ಕೇಳಿ. ಜೆರಾಕ್ಸ್ ಮಾತ್ರ ತೋರಿಸಿದರೆ ಮೂಲ ಎಲ್ಲಿದೆ ಅಂತ ಕೇಳಿ. ಮಾತಾಡುತ್ತಿರುವವರು ಓನರೇನಾ, ಇಲ್ಲಾ ಅವರೇ ಬಾಡಿಗೆಗಿದ್ದು ನಿಮಗೆ ಭೋಗ್ಯಕ್ಕೆ ಹಾಕುತ್ತಿದ್ದಾರಾ ನೋಡಿ. ಅವಧಿ ವರ್ಷ ಮೀರುವುದರಿಂದ ನೋಂದಣಿ ಮಾಡಿಸಲೇಬೇಕು. ಓನರ್ ನೋಂದಣಿಗೆ ಒಪ್ಪುವುದಿಲ್ಲ ಅಂದರೆ ಎಷ್ಟೇ ಚೆನ್ನಾಗಿರುವ ಮನೆಯಾದರೂ ಎದ್ದು ಬನ್ನಿ.

ತೆರಿಗೆಯದು ಬೇಗ ಮುಗಿಸುತ್ತೇನೆ. ಮನೆ ಕಂದಾಯ ಏಪ್ರಿಲ್‌ನಲ್ಲೇ ಕಟ್ಟಿದರೆ 5% ರಿಯಾಯಿತಿ. ಬಾಡಿಗೆ ಆದಾಯದಲ್ಲಿ ನೀವು ಕಟ್ಟಿದ ಕಂದಾಯ ಕಳೆದು, ಉಳಿದದ್ದರಲ್ಲಿ 30% ಅನ್ನು ರಿಪೇರಿ ಬಿಲ್ ತೋರಿಸದೆಯೇ ಬಿಡುತ್ತಾರೆ, ಮಿಕ್ಕದ್ದಕ್ಕೆ ಮಾತ್ರ ತೆರಿಗೆ. ಬಾಡಿಗೆ ತಿಂಗಳಿಗೆ 50,000 ದಾಟಿದರೆ ಬಾಡಿಗೆದಾರರು ಟಿಡಿಎಸ್, ಅಂದರೆ ಓನರ್ ಪರವಾಗಿ ತೆರಿಗೆಗೆ ಕಟ್ಟುವ ಭಾಗ, ಬಾಡಿಗೆಯಲ್ಲಿ ಹಿಡಿಯಬೇಕು. 2024ರ ಅಕ್ಟೋಬರಿನಿಂದ ಅದು 5% ಬದಲು 2%. ಆದರೆ ಓನರ್ ಅಮೆರಿಕದಲ್ಲೋ ದುಬೈನಲ್ಲೋ ನೆಲೆಸಿದ್ದರೆ ಲೆಕ್ಕವೇ ಬೇರೆ. ಬಾಡಿಗೆ 50,000ಕ್ಕಿಂತ ಕಮ್ಮಿ ಇದ್ದರೂ 30% ಮತ್ತು ಅದರ ಮೇಲಿನ ಸೆಸ್ ಹಿಡಿದು ಕಟ್ಟುವ ಜವಾಬ್ದಾರಿ ಬಾಡಿಗೆದಾರರದ್ದು. ಹೊರದೇಶದಲ್ಲಿರುವ ಕನ್ನಡದ ಗೆಳೆಯರೇ, ಬೆಂಗಳೂರಿನ ಫ್ಲ್ಯಾಟ್ ಬಾಡಿಗೆಗೆ ಕೊಡುವಾಗ ಇದನ್ನು ನೀವೇ ಮೊದಲು ಹೇಳಿ. ಕಡಿಮೆ ಹಿಡಿಯಲು ಇಲಾಖೆಯಿಂದ ಸರ್ಟಿಫಿಕೇಟ್ ತರಬಹುದು, ತಂದುಕೊಡಿ. ಪಾಪ, ಬಾಡಿಗೆದಾರರಿಗೆ ಇದು ಗೊತ್ತೇ ಇರಲ್ಲ.

ಮತ್ತೆ ಅಡ್ವಾನ್ಸಿಗೆ ಬರುತ್ತೇನೆ. ಬಾಡಿಗೆಗೆ ಹೋಗುವವರು ಅದನ್ನು ನಗದಾಗಿ ಕೊಡಬೇಡಿ, ಖಾತೆಗೆ ಹಾಕಿ. "ಕೀ ಕೊಟ್ಟ ದಿನವೇ ಅಡ್ವಾನ್ಸ್ ವಾಪಸ್, ಕರೆಂಟ್ ಬಿಲ್ಲಿಗೆ ಇಷ್ಟು ಮಾತ್ರ ಹಿಡಿದುಕೊಳ್ಳಬಹುದು" ಅಂತ ಅಗ್ರಿಮೆಂಟಿನಲ್ಲಿ ಬರೆಸಿ. ಬಾಡಿಗೆಗೆ ಕೊಡುವವರು ದಯವಿಟ್ಟು ಅದನ್ನು ಬೇರೆ ಇಡಿ. ಯಾರೋ ಬಳೆ ಅಡವಿಟ್ಟು ತಂದ ದುಡ್ಡಾಗಿರಬಹುದು. ಈಗ ಎಫ್‌ಡಿ ಮೊಬೈಲಿನಲ್ಲೇ ಆಗುತ್ತದೆ, ಹಿಂದೆ ಪೆನ್ಸಿಲ್‌ನಲ್ಲಿ ಬರೆಯೋಕೆ ಪತ್ರವೇ ಇಲ್ಲ. ನಾನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಎಫ್‌ಡಿ ನಂಬರ್ ಬರೆದು, ಹೆಂಡತಿಗೂ ತಂಗಿಗೂ ತೋರಿಸಿದ್ದೇನೆ. ನಾಳೆ ನಾನಿಲ್ಲದಿದ್ದರೆ ಅವರು ಅದನ್ನು ನಮ್ಮ ಮೊತ್ತಕ್ಕೆ ಕೂಡಬಾರದಲ್ಲ.

ಹೋಟೆಲಿನವರು ಈ ಜ್ಯೇಷ್ಠದಲ್ಲಿ ಮನೆ ಬಿಟ್ಟರು. ಸ್ವಂತಕ್ಕೆ ಒಂದು ಸಣ್ಣ ಮನೆ ಕಟ್ಟಿಸಿಕೊಂಡಿದ್ದಾರೆ, ಶ್ರೀರಾಂಪುರದ ಆಚೆ. ನಾನು ಹಿಂದಿನ ದಿನವೇ ಹೋಗಿದ್ದೆ. ನೋಟ್‌ಬುಕ್ಕಿನ ಬಲಗಡೆ ಪುಟ ತೆಗೆದು ಇಬ್ಬರೂ ಕೋಣೆ ಕೋಣೆ ನೋಡಿಕೊಂಡು ಬಂದೆವು. ಕೀ ಐದೂ ಇದ್ದವು. ಕೆಳಗೆ ಬಂದು ಜಗಲಿ ಮೇಲೆ ಕೂತು ದುಡ್ಡು ಟ್ರಾನ್ಸ್‌ಫರ್ ಮಾಡಿದೆ. ಅವರ ಫೋನು ಟಿಣ್ ಅಂದಿತು. ಅವರು ನೋಡಲಿಲ್ಲ, ಅಮ್ಮನ ಕಾಲಿಗೆ ನಮಸ್ಕಾರ ಮಾಡುತ್ತಿದ್ದರು.

ಹೊಸಬರು ಒಪ್ಪಿಯಾಗಿದೆ. ಇಬ್ಬರೂ ಶಾಲೆಯಲ್ಲಿ ಮೇಷ್ಟರು, ಒಂದು ಮಗು. ಆಷಾಢ ಹುಟ್ಟೋಕೆ ಎರಡು ದಿನ ಮುಂಚೆ ಬಂದು ಖಾಲಿ ಮನೆಯಲ್ಲಿ ಅಮ್ಮನ ಸಣ್ಣ ಸ್ಟವ್ ಮೇಲೆ ಹಾಲು ಉಕ್ಕಿಸಿ, ಬಾಗಿಲು ಹಾಕಿಕೊಂಡು ಹೋದರು. ಸಾಮಾನು ಶ್ರಾವಣಕ್ಕೆ ತರುತ್ತಾರಂತೆ. ಬಾಡಿಗೆ ಯಾವತ್ತಿನಿಂದ ಅಂತ ಕೇಳಿದರು. ಮಲಗೋಕೆ ಬಂದ ದಿನದಿಂದ ಅಂದೆ. ಅಷ್ಟರೊಳಗೆ ಅಡುಗೆಮನೆ ಸಿಂಕ್ ಬದಲಾಯಿಸಬೇಕು. ಆ ಚಕ್ಕೆ ಎದ್ದ ಮೂಲೆಯನ್ನು ಇಪ್ಪತ್ತು ವರ್ಷದಿಂದ ನೋಟ್‌ಬುಕ್ಕಿನಲ್ಲಿ ಬರೆಯುತ್ತಲೇ ಬಂದಿದ್ದೇವೆ. ಪ್ಲಂಬರ್ ಸೋಮವಾರ ಬರುತ್ತೇನೆ ಅಂದಿದ್ದಾರೆ.